ಠಾಣೆಯ ಪುಸ್ತಕದಲ್ಲಿ ಏರಿದ ಹೆಸರು, ನ್ಯಾಯಾಲಯದಲ್ಲಿ ಬೆಳೆಯುವ ಶಿಕ್ಷೆ: ಗೃಹ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಗೃಹ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ವಿಷಯ: ಅಲೆಮಾರಿ ಹಾಗೂ ವಿಮುಕ್ತ (ಬ್ರಿಟಿಷರು ‘ಅಪರಾಧಿ ಬುಡಕಟ್ಟು’ ಎಂದು ಘೋಷಿಸಿದ್ದ) ಸಮುದಾಯದವರನ್ನು ಜಾತಿಯ ಕಾರಣಕ್ಕೆ ಎಂ.ಓ.ಬಿ. (ಅಪರಾಧ ಮಾಡುವ ವಿಧಾನದ ಆಧಾರದಲ್ಲಿ ಹಳೆಯ ಆರೋಪಿಗಳ ಹೆಸರಿಡುವ ಪೊಲೀಸ್ ದಾಖಲೆ) ಮತ್ತು ರೌಡಿ ಪಟ್ಟಿಗೆ ಸೇರಿಸುತ್ತಿರುವುದು ಮತ್ತು ಅದರಿಂದ ಜಾಮೀನು, ಶಿಕ್ಷೆಗಳಲ್ಲಿ ಅವರಿಗೆ ಆಗುತ್ತಿರುವ ಅನ್ಯಾಯದ ಕುರಿತು.

ಮಾನ್ಯರೇ,

ನಾನು ಚಿತ್ರದುರ್ಗದಲ್ಲಿ ಕ್ರಿಮಿನಲ್ ಪ್ರಕರಣಗಳನ್ನು ನಡೆಸುವ ವಕೀಲೆ. ಚಳ್ಳಕೆರೆ, ಹಿರಿಯೂರು, ಹೊಳಲ್ಕೆರೆಯ ನ್ಯಾಯಾಲಯಗಳಿಗೂ ಹೋಗುತ್ತೇನೆ, ದಾವಣಗೆರೆಯಲ್ಲೂ ಕೆಲವು ಪ್ರಕರಣಗಳಿವೆ. ನನ್ನ ಕಕ್ಷಿದಾರರಲ್ಲಿ ಬಹಳ ಮಂದಿ ಕೊರಮ, ಕೊರಚ, ಹಂದಿಜೋಗಿ, ಬುಡ್ಗಜಂಗಮ, ದೊಂಬರ ಸಮುದಾಯದವರು. ಬುಟ್ಟಿ, ಮೊರ ಹೆಣೆಯುವವರು, ಹಂದಿ ಸಾಕುವವರು, ಊರೂರು ತಿರುಗಿ ಪಿನ್ನು, ಟೇಪು ಮಾರುವವರು, ತಲೆಕೂದಲು ತೆಗೆದುಕೊಂಡು ಪಾತ್ರೆ ಕೊಡುವವರು. ಇವರ ಪರವಾಗಿ ಠಾಣೆಗಳಿಗೆ ಅರ್ಜಿ ಕೊಟ್ಟಿದ್ದೇನೆ, ಮೇಲಧಿಕಾರಿಗಳಿಗೆ ಕೊಟ್ಟಿದ್ದೇನೆ. ‘ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು’ ಎಂಬ ಹಿಂಬರಹ ಬಿಟ್ಟರೆ ಬೇರೇನೂ ಬರಲಿಲ್ಲ. ಆದ್ದರಿಂದ ನಾಡಿನ ಜನರೂ ಓದಲಿ ಎಂದು ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ಹೇಳಬೇಕಾಗಿರುವುದು ಇಷ್ಟು: ಒಂದೇ ತಪ್ಪಿಗೆ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಒಂದೇ ಶಿಕ್ಷೆಯಾಗುತ್ತಿಲ್ಲ. ನ್ಯಾಯಾಧೀಶರು ಪಕ್ಷಪಾತಿಗಳು ಎಂದು ನಾನು ಆರೋಪಿಸುತ್ತಿಲ್ಲ. ಅವರ ಮುಂದೆ ಕಡತ ಬರುವ ಹೊತ್ತಿಗೆ ಶಿಕ್ಷೆಯ ಮುಕ್ಕಾಲು ಪಾಲು ತೀರ್ಮಾನವಾಗಿಬಿಟ್ಟಿರುತ್ತದೆ. ಠಾಣೆಯ ರೈಟರ್ ಒಬ್ಬ ಮನುಷ್ಯನ ಹೆಸರನ್ನು, ಅವನ ಜನಾಂಗದ ಹೆಸರಿನ ಜೊತೆಗೆ, ಒಂದು ಪುಸ್ತಕಕ್ಕೆ ಏರಿಸಿದ ದಿನವೇ ಅದು ಶುರುವಾಗಿರುತ್ತದೆ.

ಒಂದು ಪ್ರಕರಣವನ್ನು ವಿವರವಾಗಿ ಹೇಳುತ್ತೇನೆ. ಠಾಣೆಯ ಹೆಸರು, ಊರಿನ ಹೆಸರು, ಆ ಹುಡುಗನ ಹೆಸರು ಇಲ್ಲಿ ಬೇಡ. ತಾವು ಕರೆದರೆ ಕಡತದ ಪ್ರತಿಯೊಂದಿಗೆ ಬರುತ್ತೇನೆ.

ತೋಟದ ಕೊಳವೆಬಾವಿಯ ಕೇಬಲ್ ಕಳವಾಗಿತ್ತು. ಬೇಸಿಗೆಯಲ್ಲಿ ಕೇಬಲ್ ಹೋದರೆ ಅಡಿಕೆ ತೋಟದವನ ಪಾಡು ಏನಾಗುತ್ತದೆ ಎಂಬುದು ಇಲ್ಲಿಯವಳಾದ ನನಗೆ ಗೊತ್ತು. ದೂರು ದಾಖಲಾದ ರಾತ್ರಿಯೇ ಜೀಪು ಊರ ಹೊರಗಿನ ಗುಡಾರಗಳ ಬಳಿ ನಿಂತಿತು. ದೂರಿನಲ್ಲಿ ಯಾರ ಮೇಲೂ ಅನುಮಾನ ಬರೆದಿರಲಿಲ್ಲ, ನೋಡಿದವರೂ ಇರಲಿಲ್ಲ. ಜೀಪು ಬೇರೆ ಯಾವ ಕೇರಿಗೂ ಹೋಗಲಿಲ್ಲ. ಇಪ್ಪತ್ತರ ಆಸುಪಾಸಿನ ಒಬ್ಬನನ್ನು ‘ವಿಚಾರಣೆ ಮಾಡಿ ಕಳಿಸುತ್ತೇವೆ’ ಎಂದು ಕರೆದುಕೊಂಡು ಹೋದರು. ಅವನನ್ನೇ ಏಕೆ ಎಂದು ಆಮೇಲೆ ನಾನು ಕೇಳಿದಾಗ ಬಂದ ಉತ್ತರ: ‘ಅವರಪ್ಪ ಎಂ.ಓ.ಬಿ. ಆಸಾಮಿ, ಮೇಡಂ.’ ಆ ತಂದೆಯ ಮೇಲಿದ್ದ ಹಳೆಯ ಪ್ರಕರಣಗಳಲ್ಲಿ ಒಂದರಲ್ಲೂ ಶಿಕ್ಷೆಯಾಗಿಲ್ಲ, ಎಲ್ಲವೂ ಖುಲಾಸೆ. ಅವನು ತೀರಿಕೊಂಡು ವರ್ಷಗಳಾದವು. ಅವನ ಎಂ.ಓ.ಬಿ. ಕಾರ್ಡು ಮಾತ್ರ ಠಾಣೆಯಲ್ಲಿ ಇನ್ನೂ ಇದೆ.

ಮರುದಿನವೂ ಹುಡುಗ ಮನೆಗೆ ಬರಲಿಲ್ಲ. ಅದರ ಮರುದಿನ ಬೆಳಿಗ್ಗೆಯೇ ಬಂಧಿಸಿದ್ದೇವೆ ಎಂದು ದಾಖಲೆ ಹೇಳುತ್ತದೆ. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂಬ ನಿಯಮ ಕಾಗದದ ಮೇಲೆ ಪಾಲನೆಯಾಯಿತು. ನಡುವಿನ ಎರಡು ರಾತ್ರಿಗಳು ಯಾವ ದಾಖಲೆಯಲ್ಲೂ ಇಲ್ಲ. ಠಾಣೆಯ ಕ್ಯಾಮೆರಾ ಆ ದಿನಗಳಲ್ಲಿ ಕೆಟ್ಟಿತ್ತು ಎಂದು ನಂತರ ಲಿಖಿತವಾಗಿ ತಿಳಿಸಿದರು. ಪ್ರತಿಯೊಂದು ಠಾಣೆಯಲ್ಲೂ ಸಿಸಿಟಿವಿ ಇರಬೇಕು, ಅದರ ದೃಶ್ಯಗಳನ್ನು 18 ತಿಂಗಳು ಕಾಪಾಡಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲೇ ಹೇಳಿದೆ.

ಅವನ ‘ಸ್ವಇಚ್ಛಾ ಹೇಳಿಕೆ’ಯನ್ನು ತಾವು ಓದಬೇಕು. ‘ನಾನು ದುಶ್ಚಟಗಳಿಗೆ ದಾಸನಾಗಿ, ಸುಲಭವಾಗಿ ಹಣ ಸಂಪಾದಿಸುವ ಉದ್ದೇಶದಿಂದ’ ಎಂದು ಆರಂಭವಾಗಿ ‘ಓದಿ ಹೇಳಿಸಿ ಕೇಳಲಾಗಿ ಸರಿ ಇದೆ’ ಎಂದು ಮುಗಿಯುತ್ತದೆ. ಅದೇ ಠಾಣೆಯ ಬೇರೆ ಮೂರು ಕಡತಗಳನ್ನು ತೆಗೆದು ಪಕ್ಕಪಕ್ಕ ಇಟ್ಟು ನೋಡಿದೆ. ನಾಲ್ಕು ಬೇರೆ ಬೇರೆ ಮನುಷ್ಯರು, ಬೇರೆ ಬೇರೆ ವರ್ಷ, ಬೇರೆ ಬೇರೆ ಕಳವು. ಆರಂಭದ ಒಂದು ಪುಟ ಅಕ್ಷರಶಃ ಒಂದೇ. ‘ಉದ್ದೇಶ’ ಎಂಬ ಪದದಲ್ಲಿ ದ್ದೇ ಎಂಬಲ್ಲಿ ದ್ಧೇ ಎಂದು ತಪ್ಪಾಗಿ ಟೈಪಾಗಿದೆ, ನಾಲ್ಕರಲ್ಲೂ ಅದೇ ತಪ್ಪು. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ ಎಂದು ಕಾನೂನು ಹೇಳುವುದು ನಿಜ. ಆದರೆ ಜಾಮೀನು ಅರ್ಜಿಗೆ ತಕರಾರು ಸಲ್ಲಿಸುವಾಗ ಅಭಿಯೋಜಕರು ಎತ್ತಿ ತೋರಿಸುವುದು ಇದೇ ಹಾಳೆಗಳನ್ನು. ಆ ಹಾಳೆಯ ಮೊದಲ ಸಾಲಿನಲ್ಲಿ ಹೆಸರು, ವಯಸ್ಸಿನ ಪಕ್ಕದಲ್ಲೇ ಜನಾಂಗ ಇರುತ್ತದೆ.

ಜಾಮೀನು ಸಿಕ್ಕಿತು. ಒಬ್ಬ ಜಾಮೀನುದಾರನನ್ನು ಕೊಡಬೇಕು ಎಂಬ ಷರತ್ತು ಇತ್ತು. ಜಾಮೀನುದಾರ ಎಂದರೆ ಪಹಣಿ ಇರುವವನು ಅಥವಾ ಮನೆ ಕಂದಾಯದ ರಸೀದಿ ಇರುವವನು. ಗುಡಾರಕ್ಕೆ ಖಾತೆಯಿಲ್ಲ. ಹುಡುಗನ ತಾಯಿ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್, ಪಡಿತರ ಚೀಟಿ, ಹಳೆಯ ಆಸ್ಪತ್ರೆ ಚೀಟಿಗಳು, ಸತ್ತ ಗಂಡನ ಮತದಾರರ ಚೀಟಿ ಎಲ್ಲವನ್ನೂ ಹಿಡಿದುಕೊಂಡು ನ್ಯಾಯಾಲಯದ ಆವರಣದಲ್ಲಿ ಓಡಾಡಿದಳು. ‘ಇದರಲ್ಲಿ ಯಾವುದಾದರೂ ಆಗುತ್ತದೆಯೇ ನೋಡವ್ವ’ ಎಂದು ನನ್ನ ಮುಂದೆ ಒಂದೊಂದಾಗಿ ಇಟ್ಟಳು. ಯಾವುದೂ ಆಗುವಂಥದ್ದಲ್ಲ. ಅವಳು ವರ್ಷಗಟ್ಟಲೆ ಕಸಬರಿಗೆ, ಬುಟ್ಟಿ ಮಾರಿದ ಊರಿನ ಒಬ್ಬ ರೈತರನ್ನೂ ಕೇಳಿದೆವು. ಅವರಿಗೆ ಮನಸ್ಸಿತ್ತು. ಮನೆಯವರು ಬೇಡ ಎಂದರು. 1978ರಲ್ಲೇ ಮೋತಿರಾಮ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಗಾರೆ ಕೆಲಸದ ಬಡವನೊಬ್ಬನಿಗೆ ಹತ್ತು ಸಾವಿರ ರೂಪಾಯಿಯ ಜಾಮೀನು ಕೇಳಿದ್ದನ್ನು, ಬೇರೆ ಜಿಲ್ಲೆಯ ಜಾಮೀನುದಾರನನ್ನು ತಿರಸ್ಕರಿಸಿದ್ದನ್ನು ಕಟುವಾಗಿ ಖಂಡಿಸಿದ್ದರು. ಅದನ್ನು ನಾವು ಕಾನೂನು ಕಾಲೇಜಿನಲ್ಲಿ ಓದಿ ಪಾಸಾದೆವು, ಅಷ್ಟೇ.

ಮುಂದೆ ನಡೆದದ್ದು ನನ್ನನ್ನು ಇಂದಿಗೂ ಕಾಡುತ್ತಿದೆ. ನಾನು ಬೇರೆ ನ್ಯಾಯಾಲಯದಲ್ಲಿದ್ದ ಒಂದು ದಿನ ಆ ಹುಡುಗ ತಪ್ಪೊಪ್ಪಿಕೊಂಡ. ಜೈಲಿನಲ್ಲಿ ಯಾರೋ ಹೇಳಿದ್ದರಂತೆ: ‘ಒಪ್ಪಿಕೋ, ಇಲ್ಲಿ ಕಳೆದ ದಿನಗಳನ್ನೇ ಶಿಕ್ಷೆಗೆ ಹಿಡಿದುಕೊಳ್ಳುತ್ತಾರೆ, ಸಂಜೆಗೆ ಮನೆಯಲ್ಲಿರುತ್ತೀಯ.’ ಹಾಗೆಯೇ ಆಯಿತು. ಸಂಜೆ ಹೊರಗೆ ಬಂದ. ತಾಯಿ ನನಗೆ ಕೈಮುಗಿದು ಹೋದಳು. ತಾನು ಕದ್ದಿಲ್ಲ ಎಂದು ಅವನು ಮೊದಲ ದಿನದಿಂದ ಹೇಳುತ್ತಲೇ ಇದ್ದ. ಆದರೆ ಮಾಡದ ತಪ್ಪನ್ನು ಒಪ್ಪಿಕೊಂಡರೆ ಇಂದು ಬಿಡುಗಡೆ, ಒಪ್ಪದಿದ್ದರೆ ಇನ್ನೆಷ್ಟು ತಿಂಗಳೋ ಎಂಬ ಸ್ಥಿತಿಯಲ್ಲಿ ನಿಂತವನಿಗೆ ಆಯ್ಕೆ ಎಂಬುದೇ ಇರುವುದಿಲ್ಲ.

ಅವನು ಒಪ್ಪಿಕೊಂಡದ್ದು ಭಾರತೀಯ ನ್ಯಾಯ ಸಂಹಿತೆಯ 303(2)ನೇ ಕಲಂನ ಅಪರಾಧವನ್ನು. ಆರೋಪಪಟ್ಟಿಯ ಪ್ರಕಾರ ಕೇಬಲ್ಲಿನ ಬೆಲೆ ಐದು ಸಾವಿರಕ್ಕಿಂತ ಕಡಿಮೆ, ಮಾಲು ಸಿಕ್ಕಿ ಮಾಲೀಕರಿಗೆ ಮರಳಿದೆ. ಐದು ಸಾವಿರಕ್ಕಿಂತ ಕಡಿಮೆ ಬೆಲೆಯ ಕಳವಿನಲ್ಲಿ ಮೊದಲ ಬಾರಿ ಅಪರಾಧಿಯಾದವನು ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಅವನಿಗೆ ಸಮುದಾಯ ಸೇವೆಯ ಶಿಕ್ಷೆ ಎಂದು ಅದೇ ಕಲಂ ಹೇಳುತ್ತದೆ. ಆ ಮಾತನ್ನು ಅಂದು ನ್ಯಾಯಾಲಯದಲ್ಲಿ ಯಾರೂ ಎತ್ತಲಿಲ್ಲ. ಅವನ ದಾಖಲೆಯಲ್ಲಿ ಜೈಲುಶಿಕ್ಷೆ ಕೂತಿತು. ಅದೇ ಕಲಂನ ಮುಂದಿನ ಮಾತು ಇನ್ನೂ ಕಠಿಣ: ಎರಡನೆಯ ಬಾರಿ ಅಪರಾಧಿ ಎಂದಾದರೆ ಒಂದು ವರ್ಷಕ್ಕೆ ಕಡಿಮೆಯಿಲ್ಲದಂತೆ, ಐದು ವರ್ಷದವರೆಗೆ ಕಠಿಣ ಸೆರೆವಾಸ. ಇಲ್ಲಿ ನ್ಯಾಯಾಧೀಶರಿಗೆ ಕರುಣೆ ತೋರಿಸಲು ಜಾಗವೇ ಇಲ್ಲ.

ಈಗ ಅವನ ಮೇಲೆ ಎರಡನೆಯ ಪ್ರಕರಣ ದಾಖಲಾಗಿದೆ. ಈ ಬಾರಿಯೂ ನೋಡಿದವರಿಲ್ಲ. ಆದರೆ ಈಗ ಅವನದೇ ಹೆಸರಿನಲ್ಲಿ ಒಂದು ಕಾರ್ಡು ಇದೆ. ಈಗ ಅವನು ‘ಹಳೆ ಆರೋಪಿ’.

ಮಾನ್ಯರೇ, ಈ ಸರಪಣಿಯ ಒಂದೊಂದು ಕೊಂಡಿಯೂ ಪ್ರತ್ಯೇಕವಾಗಿ ನೋಡಿದರೆ ಕಾನೂನುಬದ್ಧವಾಗಿಯೇ ಕಾಣುತ್ತದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ ಹಿಂದೆ ಯಾವ ಪ್ರಕರಣದಲ್ಲೂ ಅಪರಾಧಿ ಎಂದು ತೀರ್ಮಾನವಾಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಜೈಲಿನಲ್ಲಿ ಕಳೆದರೆ ಬಿಡುಗಡೆಗೆ ಅರ್ಹ, ಉಳಿದವರು ಅರ್ಧ ಕಳೆದ ಮೇಲೆ. ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿಯಿದ್ದರೆ ಆ ಸೌಲಭ್ಯವೇ ಇಲ್ಲ. ಅಂದರೆ ಒಬ್ಬನ ಮೇಲೆ ಪೊಲೀಸರು ಎಷ್ಟು ಪ್ರಕರಣ ಹಾಕುತ್ತಾರೆ ಎಂಬುದರ ಮೇಲೆ ಅವನು ವಿಚಾರಣೆಯಿಲ್ಲದೆ ಎಷ್ಟು ಕಾಲ ಒಳಗಿರಬೇಕು ಎಂಬುದು ನಿಂತಿದೆ. ಪ್ರತಿ ಪತ್ತೆಯಾಗದ ಕಳವಿಗೂ ಮೊದಲು ಯಾರ ಕಾರ್ಡನ್ನು ತೆಗೆಯುತ್ತಾರೋ ಅವರ ಮೇಲೆಯೇ ಒಂದಕ್ಕಿಂತ ಹೆಚ್ಚು ಪ್ರಕರಣಗಳಿರುತ್ತವೆ.

ದಯೆ ತೋರಿಸಲೆಂದೇ ಮಾಡಿದ ಕಾನೂನೂ ಇವರಿಗೆ ದಕ್ಕುವುದಿಲ್ಲ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 4ನೇ ಕಲಂ ಅಡಿ ಸಣ್ಣ ತಪ್ಪಿನವರನ್ನು ಜೈಲಿಗೆ ಕಳಿಸದೆ ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡಬಹುದು. ಆದರೆ ಅಪರಾಧಿಗಾಗಲಿ ಅವನ ಜಾಮೀನುದಾರನಿಗಾಗಲಿ ಆ ನ್ಯಾಯಾಲಯದ ವ್ಯಾಪ್ತಿಯಲ್ಲಿ ಸ್ಥಿರವಾದ ವಾಸಸ್ಥಳವೋ ಕ್ರಮಬದ್ಧವಾದ ಉದ್ಯೋಗವೋ ಇರಬೇಕು ಎಂಬ ಷರತ್ತು ಅದರಲ್ಲಿದೆ. ಅಲೆದು ಬದುಕುವವನಿಗೆ ಇದು ಮುಚ್ಚಿದ ಬಾಗಿಲು. ಒಂದು ಸಹಕಾರ ಸಂಘದ ಲಕ್ಷಾಂತರ ರೂಪಾಯಿ ದುರುಪಯೋಗವಾದ ಪ್ರಕರಣವೊಂದರಲ್ಲಿ ಆರೋಪಿಗೆ ಬಂಧನವಾಗುವ ಮೊದಲೇ ನಿರೀಕ್ಷಣಾ ಜಾಮೀನು ಸಿಕ್ಕಿದ್ದನ್ನು ನಾನು ಕಂಡಿದ್ದೇನೆ. ‘ಸ್ಥಳೀಯ ಖಾಯಂ ನಿವಾಸಿ, ಸ್ಥಿರಾಸ್ತಿ ಉಳ್ಳವರು, ತಲೆಮರೆಸಿಕೊಳ್ಳುವ ಸಂಭವವಿಲ್ಲ’ ಎಂಬುದು ಕಾರಣ. ಅವರಿಗೆ ಜಾಮೀನು ಸಿಕ್ಕಿದ್ದಕ್ಕೆ ನನಗೆ ಬೇಸರವಿಲ್ಲ. ಜಾಮೀನು ಎಲ್ಲರ ಹಕ್ಕು. ನಾಲ್ಕು ಸಾವಿರದ ಕೇಬಲ್ಲಿನ ಆರೋಪಿಗೆ ಅದೇ ಹಕ್ಕು ಪಹಣಿಯಿಲ್ಲದ ಒಂದೇ ಕಾರಣಕ್ಕೆ ಕೈತಪ್ಪಬಾರದು ಎಂಬುದು ನನ್ನ ವಾದ.

ಪುಸ್ತಕಕ್ಕೆ ಹೆಸರು ಏರುವ ಬಗೆಯನ್ನೂ ಹೇಳಬೇಕು. ಜಾತ್ರೆ ಹತ್ತಿರ ಬಂದಾಗ ಬಸ್ ನಿಲ್ದಾಣದಲ್ಲಿ ‘ಕಳ್ಳರಿದ್ದಾರೆ ಎಚ್ಚರಿಕೆ’ ಎಂಬ ಫ್ಲೆಕ್ಸ್ ಕಟ್ಟುತ್ತಾರೆ. ಅದರಲ್ಲಿ ಸಾಲುಸಾಲಾಗಿ ಹೆಂಗಸರ ಫೋಟೋಗಳು. ಒಂದರಲ್ಲಿ ಕಂಕುಳಲ್ಲಿ ಮಗುವಿದೆ, ಮಗುವಿನ ಮುಖವೂ ಹಾಗೆಯೇ ಕಾಣುತ್ತದೆ. ಅವರಲ್ಲಿ ಇಬ್ಬರು ನನ್ನ ಕಕ್ಷಿದಾರರು, ಇಬ್ಬರ ಮೇಲೂ ಯಾವ ಪ್ರಕರಣದಲ್ಲೂ ಅಪರಾಧ ಸಾಬೀತಾಗಿಲ್ಲ. ಒಬ್ಬಳು ಪಿನ್ನು, ಬಳೆ ಮಾರಲು ಅದೇ ನಿಲ್ದಾಣಕ್ಕೆ ದಿನವೂ ಬರುತ್ತಿದ್ದವಳು. ಫ್ಲೆಕ್ಸ್ ಕಟ್ಟಿದ ಮೇಲೆ ಬರುವುದನ್ನು ಬಿಟ್ಟಳು. ರಾತ್ರಿ ಬಯಲಿಗೆ ಹೋದ ಗಂಡಸನ್ನು ಹಿಡಿದು ‘ಅನುಮಾನಾಸ್ಪದವಾಗಿ ತಿರುಗಾಡುತ್ತಿದ್ದು, ಪೊಲೀಸರನ್ನು ಕಂಡು ಮರೆಯಾಗಲು ಯತ್ನಿಸಿದ’ ಎಂದು ಸುರಕ್ಷಾ ಸಂಹಿತೆಯ 128ನೇ ಕಲಂ ಅಡಿ ತಹಶೀಲ್ದಾರರ ಮುಂದೆ ನಿಲ್ಲಿಸುತ್ತಾರೆ. ಮುಚ್ಚಳಿಕೆ ಬರೆಸುತ್ತಾರೆ. ಆ ಮುಚ್ಚಳಿಕೆಯ ಸಂಖ್ಯೆಯೂ ಕಾರ್ಡಿಗೆ ಸೇರುತ್ತದೆ. ಐದು ಜನ ಒಂದೆಡೆ ಸಿಕ್ಕರೆ ‘ದರೋಡೆಗೆ ಹೊಂಚು’ ಪ್ರಕರಣ. ಮಹಜರಿನಲ್ಲಿ ಒಂದು ಮಚ್ಚು, ಹಗ್ಗ, ಖಾರದ ಪುಡಿಯ ಪೊಟ್ಟಣ. ದರೋಡೆಗೆ ಸಿದ್ಧತೆ ಎಂಬ ಆರೋಪಕ್ಕೆ ಹತ್ತು ವರ್ಷದವರೆಗೆ ಶಿಕ್ಷೆಯಿದೆ. ಬಿದಿರು ಸೀಳುವವರ ಗುಡಾರದಲ್ಲಿ ಮಚ್ಚು, ಹಗ್ಗ ಇರದೆ ಇನ್ನೇನು ಇರುತ್ತದೆ?

ಇದು ಇಂದು ನಿನ್ನೆಯ ಕಥೆಯಲ್ಲ. 1871ರಲ್ಲಿ ಬ್ರಿಟಿಷ್ ಸರ್ಕಾರ ಇಡೀ ಸಮುದಾಯಗಳನ್ನೇ ಅಪರಾಧಿ ಬುಡಕಟ್ಟುಗಳೆಂದು ಘೋಷಿಸುವ ಕಾಯ್ದೆ ತಂದಿತು. ಹೆಸರು ನೋಂದಾಯಿಸಬೇಕು, ಹಾಜರಿ ಹಾಕಬೇಕು, ಅನುಮತಿಯಿಲ್ಲದೆ ಊರು ಬಿಡಬಾರದು. ನಮ್ಮ ಹುಬ್ಬಳ್ಳಿಯಲ್ಲೇ ಇಂಥವರನ್ನು ಕೂಡಿಹಾಕುವ ಸೆಟ್ಲ್‌ಮೆಂಟ್ ಇತ್ತು, ಆ ಬಡಾವಣೆಯನ್ನು ಜನ ಇಂದಿಗೂ ಆ ಹೆಸರಿನಿಂದಲೇ ಕರೆಯುತ್ತಾರೆ. 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಆದ್ದರಿಂದಲೇ ಇವರು ವಿಮುಕ್ತರು. ಆದರೆ ಹಿಂದೆಯೇ ರಾಜ್ಯಗಳು ರೂಢಿಗತ ಅಪರಾಧಿಗಳ ಕಾನೂನುಗಳನ್ನು ಮಾಡಿಕೊಂಡವು, ನಮ್ಮ ರಾಜ್ಯ 1961ರಲ್ಲಿ ಮಾಡಿತು. ಹಳೆಯ ಕಾಯ್ದೆಯ ಹಾಜರಿ ಪುಸ್ತಕ ಹೋಗಿ ಠಾಣೆಯ ಕಾರ್ಡು ಬಂತು.

ಇದು ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ನೆರೆಯ ಮಹಾರಾಷ್ಟ್ರದ ಪ್ರಕರಣವನ್ನು ತಮ್ಮ ಗಮನಕ್ಕೆ ತರುತ್ತೇನೆ. 2003ರಲ್ಲಿ ಜಾಲ್ನಾ ಜಿಲ್ಲೆಯಲ್ಲಿ ನಡೆದ ಘೋರ ಕೊಲೆ, ಅತ್ಯಾಚಾರಕ್ಕಾಗಿ ಅಲೆಮಾರಿ ಸಮುದಾಯದ ಆರು ಜನರನ್ನು ಬಂಧಿಸಲಾಯಿತು. 2009ರಲ್ಲಿ ಸುಪ್ರೀಂ ಕೋರ್ಟ್ ಆರೂ ಜನರಿಗೆ ಗಲ್ಲು ವಿಧಿಸಿತು. ಅವರಲ್ಲಿ ಒಬ್ಬ ಘಟನೆಯ ವೇಳೆ ಬಾಲಕನಾಗಿದ್ದ ಎಂಬುದು ಆಮೇಲೆ ತಿಳಿಯಿತು. 2019ರ ಮಾರ್ಚ್ 5ರಂದು ಅದೇ ಸುಪ್ರೀಂ ಕೋರ್ಟ್ ಆರೂ ಜನರನ್ನು ನಿರ್ದೋಷಿಗಳೆಂದು ಬಿಡುಗಡೆ ಮಾಡಿ, ತಲಾ ಐದು ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿತು. ಬದುಕುಳಿದ ಸಾಕ್ಷಿ ಮೊದಲು ಪೊಲೀಸರ ಫೋಟೋಗಳಲ್ಲಿ ಗುರುತಿಸಿದ್ದು ಬೇರೆ ನಾಲ್ವರನ್ನು. ಆ ನಾಲ್ವರ ತನಿಖೆಯೇ ಆಗಿರಲಿಲ್ಲ. ಆರೋಪಿಗಳು ಅಲೆಮಾರಿಗಳು, ಸಮಾಜದ ಕೆಳಸ್ತರದ ಕಡುಬಡ ಕೂಲಿಗಳು, ಅವರನ್ನು ಸುಳ್ಳಾಗಿ ಸಿಲುಕಿಸಿರುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು ಎಂದು ತೀರ್ಪು ದಾಖಲಿಸಿದೆ. ಹದಿನಾರು ವರ್ಷ ಜೈಲಿನಲ್ಲಿ ಹೋಯಿತು. ಗಲ್ಲು ಜಾರಿಯಾಗಿದ್ದರೆ ಐದು ಲಕ್ಷವನ್ನು ಯಾರ ಕೈಗೆ ಕೊಡುತ್ತಿದ್ದರು?

ವರ್ಣಭೇದದ ಚರಿತ್ರೆಯುಳ್ಳ ಅಮೆರಿಕದಲ್ಲಿ ಈ ಚರ್ಚೆ ದಶಕಗಳಿಂದ ನಡೆದಿದೆ. ಅಲ್ಲಿ 1986ರ ಕಾನೂನಿನಂತೆ ಐದು ಗ್ರಾಂ ಕ್ರ್ಯಾಕ್ (ಪುಡಿಯಿಂದಲೇ ಮಾಡುವ, ಸೇದುವ ಗಟ್ಟಿ ರೂಪದ) ಕೊಕೇನ್ ಮಾರಿದವನಿಗೂ ಐದು ನೂರು ಗ್ರಾಂ ಪುಡಿ ಕೊಕೇನ್ ಮಾರಿದವನಿಗೂ ಕನಿಷ್ಠ ಐದು ವರ್ಷದ ಒಂದೇ ಶಿಕ್ಷೆ. ಕ್ರ್ಯಾಕ್ ಪ್ರಕರಣಗಳಲ್ಲಿ ಜೈಲಿಗೆ ಹೋದವರಲ್ಲಿ ಬಹುಪಾಲು ಕಪ್ಪು ಜನ. 1987ರಲ್ಲಿ ಜಾರ್ಜಿಯಾದ ಮೆಕ್ಲೆಸ್ಕಿ ಎಂಬ ಕಪ್ಪು ಕೈದಿಯ ಪ್ರಕರಣದಲ್ಲಿ ಒಂದು ಅಧ್ಯಯನ ಅಲ್ಲಿನ ಸುಪ್ರೀಂ ಕೋರ್ಟಿನ ಮುಂದೆ ಬಂತು. ಕೊಲೆಯಾದವರು ಬಿಳಿಯರಾಗಿದ್ದರೆ ಆರೋಪಿಗೆ ಮರಣದಂಡನೆಯಾಗುವ ಸಂಭವ ನಾಲ್ಕು ಪಟ್ಟಿಗೂ ಹೆಚ್ಚು ಎಂದು ಅದು ತೋರಿಸಿತ್ತು. ಈ ಒಬ್ಬ ವ್ಯಕ್ತಿಯ ವಿಷಯದಲ್ಲಿ ಉದ್ದೇಶಪೂರ್ವಕ ಭೇದ ಸಾಬೀತಾಗಿಲ್ಲ ಎಂದು ಐದು-ನಾಲ್ಕರ ಬಹುಮತದಲ್ಲಿ ಅವನ ಮನವಿ ತಿರಸ್ಕೃತವಾಯಿತು, 1991ರಲ್ಲಿ ಅವನನ್ನು ಕೊಂದರು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಪೊವೆಲ್ ನಿವೃತ್ತಿಯ ನಂತರ, ಬದಲಿಸಲು ಸಾಧ್ಯವಿದ್ದರೆ ಆ ಮತವನ್ನು ಬದಲಿಸುತ್ತಿದ್ದೆ ಎಂದರು. ಕೊಕೇನ್ ಕಾನೂನು 2010ರಲ್ಲಿ ತಿದ್ದುಪಡಿಯಾಗಿ ನೂರಕ್ಕೆ ಒಂದು ಎಂಬ ಅಂತರ ಹದಿನೆಂಟಕ್ಕೆ ಒಂದು ಎಂದಾಯಿತು. ಅದೂ ಪೂರ್ಣ ನ್ಯಾಯವಲ್ಲ. ಆದರೆ ಅಲ್ಲಿ ಲೆಕ್ಕ ಇತ್ತು, ಲೆಕ್ಕ ಇದ್ದುದರಿಂದ ಜಗಳವಾಡಲು ಆಧಾರ ಸಿಕ್ಕಿತು. ನಮ್ಮಲ್ಲಿ 2022ರ ಜೈಲು ಅಂಕಿಅಂಶಗಳ ವರದಿಯ ಪ್ರಕಾರ ದೇಶದ 5,73,220 ಕೈದಿಗಳಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದರೆ ನಾಲ್ವರಲ್ಲಿ ಮೂವರು. ಅದರಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಇತರೆ ಹಿಂದುಳಿದ ವರ್ಗ ಎಂಬ ಅಂಕಣಗಳಿವೆ. ವಿಮುಕ್ತ, ಅಲೆಮಾರಿ ಎಂಬ ಅಂಕಣವೇ ಇಲ್ಲ.

ಕಳವಾದ ರೈತನ ಗತಿಯೇನು ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆ ಕೇಬಲ್ ಕಳೆದುಕೊಂಡ ರೈತರನ್ನು ನಾನು ಭೇಟಿ ಮಾಡಿದ್ದೇನೆ. ತಮಗೆ ಹಿಂತಿರುಗಿಸಿದ ಕೇಬಲ್ ತಮ್ಮದೇ ಎಂದು ಖಚಿತವಾಗಿ ಹೇಳಲಾಗದು, ಪೊಲೀಸರು ತೋರಿಸಿದರು, ಸಹಿ ಹಾಕಿದೆ ಎಂದರು. ಅವರ ತೋಟದಲ್ಲಿ ಆಮೇಲೆ ಮತ್ತೊಮ್ಮೆ ಕಳವಾಯಿತು, ಹುಡುಗ ಜೈಲಿನಲ್ಲಿದ್ದಾಗಲೇ. ಕದ್ದವನು ಬೇರೆಲ್ಲೋ ಆರಾಮವಾಗಿದ್ದಾನೆ. ಕಾರ್ಡು ನೋಡಿ ಆರೋಪಿಯನ್ನು ಹುಡುಕುವ ಪದ್ಧತಿಯಿಂದ ರೈತನಿಗೂ ನ್ಯಾಯ ಸಿಕ್ಕಿಲ್ಲ. ಠಾಣೆಗಳಲ್ಲಿ ಸಿಬ್ಬಂದಿ ಸಾಲದು, ಪತ್ತೆ ಪ್ರಮಾಣ ತೋರಿಸಬೇಕೆಂಬ ಒತ್ತಡ ಇದೆ ಎಂಬುದನ್ನೂ ಬಲ್ಲೆ. ವಿನಾಕಾರಣ ಕರೆತಂದವರನ್ನು ತಾವೇ ವಿಚಾರಿಸಿ ಅದೇ ರಾತ್ರಿ ಮನೆಗೆ ಕಳಿಸಿದ ಇನ್‌ಸ್ಪೆಕ್ಟರ್ ಒಬ್ಬರು ನಮ್ಮಲ್ಲೇ ಇದ್ದರು. ಅವರು ವರ್ಗವಾದ ಮೇಲೆ ಹಳೆಯ ಪದ್ಧತಿಯೇ ಮರಳಿತು. ಒಳ್ಳೆಯ ಅಧಿಕಾರಿ ಬಂದರೆ ನ್ಯಾಯ, ಹೋದರೆ ಇಲ್ಲ ಎಂಬಂತಾಗಬಾರದು. ಅದಕ್ಕಾಗಿಯೇ ತಮ್ಮಿಂದ ಆದೇಶ ಬೇಕು.

ಸುಪ್ರೀಂ ಕೋರ್ಟ್ ದಾರಿ ತೋರಿಸಿ ಆಗಿದೆ. 2024ರ ಮೇ 7ರಂದು, ದೆಹಲಿಯ ಪ್ರಕರಣವೊಂದರಲ್ಲಿ, ಹಿಂದುಳಿದ ಮತ್ತು ವಿಮುಕ್ತ ಸಮುದಾಯಗಳ ಅಮಾಯಕರ ಹೆಸರುಗಳನ್ನು ಯಾಂತ್ರಿಕವಾಗಿ ಇಂಥ ಪಟ್ಟಿಗಳಿಗೆ ಸೇರಿಸದಂತೆ ನೋಡಿಕೊಳ್ಳಿ ಎಂದು ಅದು ಎಲ್ಲ ರಾಜ್ಯಗಳಿಗೂ ಹೇಳಿತು. ಇಂಥ ದಾಖಲೆ ಪೊಲೀಸರ ಆಂತರಿಕ ಉಪಯೋಗಕ್ಕೆ ಮಾತ್ರ, ಸಾರ್ವಜನಿಕ ಪ್ರದರ್ಶನಕ್ಕಲ್ಲ ಎಂಬುದೂ ಅದರಲ್ಲಿದೆ. 2024ರ ಅಕ್ಟೋಬರ್ 3ರಂದು, ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯಲ್ಲಿ, ಜೈಲುಗಳಲ್ಲಿ ಜಾತಿಯ ಆಧಾರದ ಮೇಲೆ ಕೆಲಸ ಹಂಚುವ ನಿಯಮಗಳನ್ನು ರದ್ದುಪಡಿಸಿತು, ಕೈದಿಗಳ ನೋಂದಣಿ ಪುಸ್ತಕದಿಂದ ಜಾತಿಯ ಅಂಕಣವನ್ನು ತೆಗೆಸಿತು, ವಿಮುಕ್ತರನ್ನು ಮನಬಂದಂತೆ ಬಂಧಿಸಬಾರದು ಎಂದು ಪೊಲೀಸರಿಗೆ ನಿರ್ದೇಶಿಸಿತು. ಈ ಎರಡು ತೀರ್ಪುಗಳ ಪ್ರತಿಯನ್ನು ಹಿಡಿದು ನಾನು ಠಾಣೆಗೆ ಹೋದಾಗ ‘ನಮಗೆ ಮೇಲಿಂದ ಸುತ್ತೋಲೆ ಬಂದಿಲ್ಲ’ ಎಂಬ ಉತ್ತರ ಬಂತು.

ಆದ್ದರಿಂದ ನನ್ನ ಮೊದಲ ಬೇಡಿಕೆ ಆ ಸುತ್ತೋಲೆ. ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಪ್ರತಿ ಠಾಣೆಯಲ್ಲಿರುವ ಎಂ.ಓ.ಬಿ. ಕಾರ್ಡು ಮತ್ತು ರೌಡಿ ಪಟ್ಟಿಗಳನ್ನು ಆರು ತಿಂಗಳೊಳಗೆ ಮರುಪರಿಶೀಲಿಸಲು ಆದೇಶಿಸಬೇಕು. ಪರಿಶೀಲಿಸುವವರು ಅದೇ ಠಾಣೆಯವರಾಗಬಾರದು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ವಕೀಲರೊಬ್ಬರು ಜೊತೆಯಲ್ಲಿರಬೇಕು. ಖುಲಾಸೆಯಾದವರ, ತೀರಿಕೊಂಡವರ, ಅಪ್ಪನ ಕಾರಣಕ್ಕೆ ಸೇರಿಸಿದ ಮಕ್ಕಳ ಹೆಸರುಗಳನ್ನು ತೆಗೆಯಬೇಕು. ಉಳಿಸುವ ಪ್ರತಿ ಹೆಸರಿಗೂ ಕಾರಣವನ್ನು ಬರೆದು ಆ ವ್ಯಕ್ತಿಗೆ ಕೊಡಬೇಕು. ಅವನು ಆಕ್ಷೇಪಿಸಲು ಅವಕಾಶವಿರಬೇಕು. ಅಪರಾಧ ಸಾಬೀತಾಗದವರ ಫೋಟೋಗಳಿರುವ ಫ್ಲೆಕ್ಸ್‌ಗಳನ್ನು ಬಸ್ ನಿಲ್ದಾಣಗಳಿಂದ ಕೂಡಲೇ ಇಳಿಸಬೇಕು. ಮಗುವಿನ ಮುಖವಿರುವುದನ್ನಂತೂ ಈ ಪತ್ರ ತಲುಪಿದ ದಿನವೇ.

ಹೇಳಿಕೆ, ಬಂಧನ ಪತ್ರ, ಮಹಜರುಗಳಲ್ಲಿ ಜನಾಂಗ ಬರೆಯುವ ಪದ್ಧತಿ ನಿಲ್ಲಬೇಕು. ದೌರ್ಜನ್ಯ ತಡೆ ಕಾಯ್ದೆಯಂತಹ ಪ್ರಕರಣಗಳಲ್ಲಿ ಮಾತ್ರ ಅದು ಅಗತ್ಯ. 2025ರ ಸೆಪ್ಟೆಂಬರ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ಹೇಳಿದ ಮೇಲೆ ಉತ್ತರ ಪ್ರದೇಶ ಸರ್ಕಾರ ಇಂಥ ಆದೇಶ ಹೊರಡಿಸಿದೆ. ಕರ್ನಾಟಕಕ್ಕೆ ಅದಕ್ಕಾಗಿ ಹೈಕೋರ್ಟಿನ ಆದೇಶಕ್ಕೆ ಕಾಯುವ ಅಗತ್ಯವಿಲ್ಲ. ಒಂದೆಡೆ ಜಾತಿ ಬರೆಯಬೇಡಿ ಎನ್ನುತ್ತ ಇನ್ನೊಂದೆಡೆ ಲೆಕ್ಕ ಕೇಳುತ್ತಿದ್ದಾಳೆ ಎಂದು ಯಾರಾದರೂ ಆಕ್ಷೇಪಿಸಬಹುದು. ಆರೋಪಿಯ ಕಡತದಲ್ಲಿ ಜಾತಿ ಇದ್ದರೆ ಅದು ಅವನ ವಿರುದ್ಧ ಕೆಲಸ ಮಾಡುತ್ತದೆ. ಹೆಸರಿಲ್ಲದ ಒಟ್ಟು ಅಂಕಿಗಳಲ್ಲಿ ಇದ್ದರೆ ಅವನನ್ನು ಕಾಪಾಡುತ್ತದೆ. ಬಂಧನ, ಜಾಮೀನು, ತಪ್ಪೊಪ್ಪಿಗೆ, ಶಿಕ್ಷೆ ಈ ನಾಲ್ಕರ ಲೆಕ್ಕವನ್ನು ಪ್ರಾಧಿಕಾರದ ಮೂಲಕ ಪ್ರತ್ಯೇಕವಾಗಿ ತೆಗೆಸಿ ವರ್ಷಕ್ಕೊಮ್ಮೆ ಪ್ರಕಟಿಸಬೇಕು.

ಶೋಧ ಮತ್ತು ಜಪ್ತಿಯನ್ನು ವಿಡಿಯೋದಲ್ಲಿ ದಾಖಲಿಸಬೇಕು ಎಂದು ಸುರಕ್ಷಾ ಸಂಹಿತೆಯ 105ನೇ ಕಲಂ ಈಗಾಗಲೇ ಹೇಳುತ್ತದೆ. ಗುಡಾರಗಳ ಶೋಧವೂ ಅದಕ್ಕೆ ಹೊರತಲ್ಲ ಎಂದು ತಾವು ಸ್ಪಷ್ಟಪಡಿಸಬೇಕು. ಬಂಧಿತರ ಹೆಸರುಗಳನ್ನು ಠಾಣೆಯ ಫಲಕದಲ್ಲಿ ಹಾಕಬೇಕು ಎಂಬ 37ನೇ ಕಲಂ ಜಾರಿಯಾದರೆ ತಾಯಂದಿರು ಠಾಣೆಯ ಹೊರಗಿನ ಮರದ ಕೆಳಗೆ ರಾತ್ರಿಯಿಡೀ ಕೂರಬೇಕಾಗುವುದಿಲ್ಲ. ಕ್ಯಾಮೆರಾ ಕೆಟ್ಟಿದ್ದರೆ ಅದನ್ನು ಅಂದೇ ಜಿಲ್ಲಾ ಕಚೇರಿಗೆ ವರದಿ ಮಾಡಬೇಕು. ವರದಿಯಿಲ್ಲದಿದ್ದರೆ ಠಾಣಾಧಿಕಾರಿ ಉತ್ತರಿಸಬೇಕು.

ಸರ್ಕಾರಿ ಅಭಿಯೋಜಕರಿಗೂ ಒಂದು ಸೂಚನೆ ಹೋಗಬೇಕು. ಐದು ಸಾವಿರಕ್ಕಿಂತ ಕಡಿಮೆ ಬೆಲೆಯ ಕಳವಿನಲ್ಲಿ ಸಮುದಾಯ ಸೇವೆಗೆ ಅವಕಾಶವಿದೆ ಎಂಬುದನ್ನು ಅವರೇ ನ್ಯಾಯಾಲಯದ ಗಮನಕ್ಕೆ ತರಬೇಕು. ವಕೀಲರಿಲ್ಲದೆ ತಪ್ಪೊಪ್ಪಿಕೊಳ್ಳಲು ಮುಂದಾದವರನ್ನು ಕಾನೂನು ನೆರವಿಗೆ ಒಪ್ಪಿಸುವಂತೆ ಕೋರಬೇಕು. ಬಂಧನದಲ್ಲಿರುವ ಯಾರಿಗಾದರೂ ಆ ನೆರವು ಉಚಿತ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯೇ ಅದನ್ನು ಕೊಟ್ಟಿದೆ. ಖಾಯಂ ವಿಳಾಸವಿಲ್ಲ ಎಂಬ ಒಂದೇ ಕಾರಣಕ್ಕೆ ಪರಿವೀಕ್ಷಣೆಯ ಬಿಡುಗಡೆಯನ್ನು ವಿರೋಧಿಸಬಾರದು. ಕಾಯ್ದೆಯು ವಾಸಸ್ಥಳ ಅಥವಾ ಉದ್ಯೋಗ ಎಂದಿದೆ. ಊರೂರು ತಿರುಗಿ ಬುಟ್ಟಿ ಮಾರುವುದೂ ಉದ್ಯೋಗವೇ ಎಂದು ಪರಿವೀಕ್ಷಣಾಧಿಕಾರಿಗಳು ವರದಿಯಲ್ಲಿ ಬರೆಯಲಿ. ಜಾಮೀನು ಮೊತ್ತ ಕಟ್ಟಲಾಗದ ವಿಚಾರಣಾಧೀನರಿಗೆ ನೆರವು ಕೊಡುವ ಕೇಂದ್ರದ ಯೋಜನೆ 2023ರಿಂದ ಇದೆ. ನಾನು ಜೈಲಿನಲ್ಲಿ ಭೇಟಿ ಮಾಡಿದವರಲ್ಲಿ ಆ ಯೋಜನೆಯ ಹೆಸರು ಕೇಳಿದವರು ಒಬ್ಬರೂ ಸಿಕ್ಕಿಲ್ಲ. ಪ್ರತಿ ಜೈಲಿನಲ್ಲೂ ಅದನ್ನು ಕನ್ನಡದಲ್ಲಿ, ಓದಲು ಬಾರದವರಿಗೆ ಬಾಯಲ್ಲಿ, ತಿಳಿಸಬೇಕು.

ಕೊನೆಯದಾಗಿ, ರೂಢಿಗತ ಅಪರಾಧಿಗಳ 1961ರ ಕಾನೂನಿನ ಬಗ್ಗೆ. ಅದನ್ನು ಮುಂದಿನ ಅಧಿವೇಶನದಲ್ಲಿ ಸದನದ ಮುಂದೆ ಚರ್ಚೆಗೆ ತರಬೇಕು, ಸಮುದಾಯದ ಪ್ರತಿನಿಧಿಗಳನ್ನು ಕರೆದು ಕೇಳಬೇಕು. ಹಾಗೆ ಕರೆಯುವುದಾದರೆ ಬೆಂಗಳೂರಿನ ಸಭಾಂಗಣಕ್ಕಿಂತ ಚಳ್ಳಕೆರೆಯಲ್ಲೋ ಹಿರಿಯೂರಿನಲ್ಲೋ ಕರೆಯಿರಿ ಎಂದು ಕೋರುತ್ತೇನೆ. ಒಂದು ದಿನದ ದುಡಿಮೆ ಬಿಟ್ಟು ರಾಜಧಾನಿಗೆ ಬರುವಷ್ಟು ಅನುಕೂಲ ಇವರಿಗಿಲ್ಲ.

ಮೇಲೆ ಹೇಳಿದ ಹುಡುಗನ ಎರಡನೆಯ ಪ್ರಕರಣದ ವಿಚಾರಣೆ ಸದ್ಯದಲ್ಲೇ ಆರಂಭವಾಗುತ್ತದೆ. ಅದರ ತೀರ್ಪಿನಲ್ಲಿ ತಾವು ಕೈಹಾಕಬೇಕೆಂದು ನಾನು ಕೇಳುತ್ತಿಲ್ಲ, ಕೇಳಲೂಬಾರದು. ಅದನ್ನು ನ್ಯಾಯಾಲಯದಲ್ಲಿ ನಾನು ವಾದಿಸುತ್ತೇನೆ. ಆದರೆ ಅವನನ್ನು ಯಾವ ಆಧಾರದ ಮೇಲೆ ಹಿಡಿದರು, ಅವನ ತಂದೆಯ ಕಾರ್ಡು ಇನ್ನೂ ಠಾಣೆಯಲ್ಲಿ ಏಕಿದೆ ಎಂಬ ಎರಡು ಪ್ರಶ್ನೆಗಳು ತಮ್ಮ ಇಲಾಖೆಗೆ ಸೇರಿದವು. ಅವಕ್ಕೆ ಲಿಖಿತ ಉತ್ತರ ಕೊಡಿಸಬೇಕೆಂದು, ದಾಖಲೆಗಳೊಂದಿಗೆ ತಮ್ಮನ್ನು ಕಾಣಲು ಸಮಯ ನೀಡಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಚಿತ್ರದುರ್ಗದ ಒಬ್ಬ ವಕೀಲೆ

ಪ್ರತಿ: ಮಹಾನಿರ್ದೇಶಕರು ಮತ್ತು ಆರಕ್ಷಕ ಮಹಾನಿರೀಕ್ಷಕರು, ಬೆಂಗಳೂರು, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು, ಚಿತ್ರದುರ್ಗ ಮತ್ತು ದಾವಣಗೆರೆ, ಸದಸ್ಯ ಕಾರ್ಯದರ್ಶಿಗಳು, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ಚಿತ್ರದುರ್ಗ ಮತ್ತು ದಾವಣಗೆರೆ.